ಎದೆ ಮೇಲಿನ ಬ್ಯಾಡ್ಜ್, ಹಿರೋಶಿಮಾದ ಲೆಕ್ಕ

ಎಕ್ಸ್‌ರೇ ರೂಮಿನಲ್ಲಿ ಕೆಲಸ ಮಾಡುವವರ ಎದೆ ಮೇಲೆ ಒಂದು ಚಿಕ್ಕ ಬ್ಯಾಡ್ಜ್ ಇರುತ್ತದೆ. ಟಿಎಲ್‌ಡಿ ಬ್ಯಾಡ್ಜ್ ಅನ್ನುತ್ತಾರೆ. ಕೈಗಾ ಅಣುಸ್ಥಾವರದಲ್ಲೂ ಅದನ್ನು ಹಾಕಿಕೊಂಡೇ ಕೆಲಸಕ್ಕೆ ಇಳಿಯಬೇಕು. ಮೈಗೆ ಎಷ್ಟು ವಿಕಿರಣ ತಗುಲಿತು ಅಂತ ಅದು ಲೆಕ್ಕ ಇಡುತ್ತದೆ. ಐದು ವರ್ಷದ ಸರಾಸರಿ ತೆಗೆದರೆ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲಿದ ವಿಕಿರಣ ಅಳೆಯುವ ಮಾನ) ದಾಟಬಾರದು. ಈ ಮಿತಿ ಮೊದಲು 50 ಇತ್ತು. 1990ರಲ್ಲಿ ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ ಅದನ್ನು ಇಳಿಸಿತು. ಇಳಿಸಲು ಮುಖ್ಯ ಆಧಾರವಾಗಿದ್ದು ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರ ಆರೋಗ್ಯದ ಲೆಕ್ಕ.

ಬಾಂಬ್ ಬಿದ್ದದ್ದು 1945ರ ಆಗಸ್ಟ್‌ನಲ್ಲಿ. ಮರುವರ್ಷದ ಕೊನೆಗೆ ಅಮೆರಿಕದ ಅಧ್ಯಕ್ಷ ಟ್ರೂಮನ್ ಈ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟರು. ಎಬಿಸಿಸಿ, ಅಂದರೆ ಅಣುಬಾಂಬ್ ಸಂತ್ರಸ್ತರ ಆಯೋಗ ಹುಟ್ಟಿತು. ಹಿರೋಶಿಮಾದ ಹಿಜಿಯಾಮಾ ಗುಡ್ಡದ ಮೇಲೆ ಅದರ ಕಟ್ಟಡ ಎದ್ದಿತು. ಜನರನ್ನು ಅಲ್ಲಿಗೆ ಕರೆಸಿ ರಕ್ತ ತೆಗೆದರು, ಅಳತೆ ತೆಗೆದರು. ಚಿಕಿತ್ಸೆ ಕೊಡುವುದು ಮಾತ್ರ ತಮ್ಮ ಕೆಲಸ ಅಲ್ಲ ಅಂದರು. ನಮ್ಮನ್ನು ಪ್ರಯೋಗದ ಪ್ರಾಣಿ ಮಾಡಿಕೊಂಡರು ಅನ್ನುವ ಸಿಟ್ಟು ಅಲ್ಲಿನವರಲ್ಲಿ ಬಹಳ ಕಾಲ ಉಳಿಯಿತು. ಆ ಸಿಟ್ಟು ನ್ಯಾಯವಾದದ್ದೇ.

1950ರ ಜನಗಣತಿ ಹಿಡಿದು ಸುಮಾರು 1 ಲಕ್ಷ 20 ಸಾವಿರ ಜನರ ಪಟ್ಟಿ ಮಾಡಿದರು. ಆದರೆ ಅವರಲ್ಲಿ ಯಾರ ಎದೆ ಮೇಲೂ ಬ್ಯಾಡ್ಜ್ ಇರಲಿಲ್ಲ ಅಲ್ವಾ? ಯಾರಿಗೆ ಎಷ್ಟು ತಗುಲಿತು ಅಂತ ತಿಳಿಯುವುದು ಹೇಗೆ? ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು. ಆ ಹೊತ್ತಿನಲ್ಲಿ ಎಲ್ಲಿದ್ದಿರಿ? ನಿಂತಿದ್ದಿರಾ, ಮಲಗಿದ್ದಿರಾ? ಮುಖ ಯಾವ ಕಡೆಗಿತ್ತು? ಮನೆಯ ನಕ್ಷೆ ಬರೆದು, ಗೋಡೆ ಎಲ್ಲಿತ್ತು ಅಂತ ಗುರುತು ಹಾಕಿಕೊಂಡರು. ಮನೆಯವರನ್ನೆಲ್ಲ ಕಳೆದುಕೊಂಡವರೂ ಆ ಬೆಳಗ್ಗೆಯನ್ನು ಹೀಗೆ ಅಂಗುಲ ಅಂಗುಲವಾಗಿ ನೆನಪು ಮಾಡಿಕೊಳ್ಳಬೇಕಾಯಿತು. ಗೋಡೆ, ಸೂರು ಎಷ್ಟು ವಿಕಿರಣ ತಡೆಯುತ್ತವೆ ಅಂತ ನೋಡಲು 1962ರಲ್ಲಿ ನೆವಾಡಾ ಮರುಭೂಮಿಯಲ್ಲಿ ಜಪಾನಿ ಮಾದರಿಯ ಮನೆಗಳನ್ನೇ ಕಟ್ಟಿದರು. ಪಕ್ಕದ 465 ಮೀಟರ್ ಗೋಪುರಕ್ಕೆ ಕವಚವಿಲ್ಲದ ರಿಯಾಕ್ಟರ್ ಏರಿಸಿ ಅಳೆದರು.

ಮೊದಲು ಕಂಡದ್ದು ರಕ್ತದ ಕ್ಯಾನ್ಸರ್. ಬಾಂಬ್ ಬಿದ್ದ ಆರೇಳು ವರ್ಷಕ್ಕೆ ಅದು ತುತ್ತತುದಿ ಮುಟ್ಟಿತು, ಮಕ್ಕಳಲ್ಲಿ ಜಾಸ್ತಿ. ಹೊಟ್ಟೆ, ಸ್ತನ, ಶ್ವಾಸಕೋಶದ ಕ್ಯಾನ್ಸರ್‌ಗಳು ನಿಧಾನವಾಗಿ, ದಶಕಗಳ ಮೇಲೆ ಬಂದವು. 8ರಿಂದ 15 ವಾರದ ಗರ್ಭದಲ್ಲಿದ್ದ ಕೂಸುಗಳ ಮಿದುಳಿಗೆ ಹೆಚ್ಚು ಪೆಟ್ಟು ಬಿದ್ದಿತ್ತು. ಆಮೇಲೆ ಹುಟ್ಟಿದ ಸುಮಾರು 77 ಸಾವಿರ ಶಿಶುಗಳನ್ನು ಪರೀಕ್ಷಿಸಿದಾಗ, ತಂದೆತಾಯಿಗೆ ತಗುಲಿದ ವಿಕಿರಣದಿಂದ ಹುಟ್ಟುದೋಷ ಹೆಚ್ಚಿದ್ದು ಕಾಣಲಿಲ್ಲ. ಆದರೂ ಬಾಂಬಿಗೆ ಸಿಕ್ಕವರ ಮನೆಯ ಸಂಬಂಧ ಬೇಡ ಅನ್ನುವುದು ನಿಲ್ಲಲಿಲ್ಲ. ಎಷ್ಟೋ ಜನ ವಿಷಯವನ್ನೇ ಮುಚ್ಚಿಟ್ಟು ಮದುವೆಯಾದರು.

ಒಂದು ಪ್ರಶ್ನೆ ಮಾತ್ರ ಬಾಕಿ ಉಳಿಯಿತು. ಬಾಂಬಿನ ವಿಕಿರಣ ಒಮ್ಮೆಗೇ ಬಡಿಯಿತು. ಹನಿ ಹನಿಯಾಗಿ ವರ್ಷಗಟ್ಟಲೆ ತಗುಲಿದರೆ? ಕೇರಳದ ಕರುನಾಗಪ್ಪಳ್ಳಿಯ ಕಡಲ ಮರಳಲ್ಲಿ ಸದಾ ವಿಕಿರಣ ಸೂಸುವ ಥೋರಿಯಂ ಇದೆ. ಅಲ್ಲಿನ ಸುಮಾರು 70 ಸಾವಿರ ಜನರನ್ನು ಸರಾಸರಿ ಹತ್ತೂವರೆ ವರ್ಷ ಗಮನಿಸಿ, 2009ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಈ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ಆದರೆ ಫ್ರಾನ್ಸ್, ಬ್ರಿಟನ್, ಅಮೆರಿಕದ 3 ಲಕ್ಷಕ್ಕೂ ಮಿಕ್ಕ ಅಣುಸ್ಥಾವರ ಕೆಲಸಗಾರರ ಅಧ್ಯಯನ 2023ರಲ್ಲಿ ಬೇರೆಯದನ್ನೇ ಹೇಳಿತು: ತಗುಲಿದ್ದು ಹೆಚ್ಚಿದಂತೆ ಕ್ಯಾನ್ಸರ್ ಸಾವೂ ಹೆಚ್ಚಿದೆ. ಯಾರಿಗೆ ಎಷ್ಟು ತಗುಲಿತ್ತು ಅನ್ನುವ ಲೆಕ್ಕ ಈ ಬಾರಿ ಅವರು ಹಾಕಿಕೊಂಡಿದ್ದ ಬ್ಯಾಡ್ಜ್‌ಗಳಲ್ಲೇ ಇತ್ತು.