ಸ್ವಂತವಾಗಿ ಬರೆದ ಡ್ರೈವರ್‌ಗೂ ಪೇಟೆಂಟ್ ಅಡ್ಡಿಯೇ?

ಪ್ರಶ್ನೆ: ಲಿನಕ್ಸ್‌ನ ಮುಕ್ತ ಗ್ರಾಫಿಕ್ಸ್ ಡ್ರೈವರ್‌ಗಳನ್ನು (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶಗಳನ್ನು) ಯಾರ ಕೋಡನ್ನೂ ನಕಲು ಮಾಡದೆ ಬರೆದಿದ್ದಾರೆ. ಕಾರ್ಡಿಗೆ ನಾನು ಹಣ ಕೊಟ್ಟಿದ್ದೇನೆ. ಆದರೂ ಪೇಟೆಂಟ್ ಕಾರಣಕ್ಕೆ ಕೆಲವು ಸೌಲಭ್ಯಗಳನ್ನು ತೆಗೆಯುತ್ತಾರೆ. ಏಕೆ?

ನಕಲು ಮಾಡಿಲ್ಲ ಎಂಬುದು ಕೃತಿಸ್ವಾಮ್ಯದ ದಾವೆಗೆ ಉತ್ತರವಾಗಬಹುದು, ಪೇಟೆಂಟಿನ ದಾವೆಗೆ ಆಗದು. ಕೃತಿಸ್ವಾಮ್ಯ ಕಾಯುವುದು ಬರೆದ ಸಾಲುಗಳನ್ನು; ಪೇಟೆಂಟ್ ಕಾಯುವುದು ವಿಧಾನವನ್ನು. ಅದೇ ವಿಧಾನ ನಿಮಗೆ ನೀವೇ ಯೋಚಿಸಿ ಹೊಳೆದಿದ್ದರೂ ಉಲ್ಲಂಘನೆ ಉಲ್ಲಂಘನೆಯೇ.

ಇದರ ಬಿಸಿ ಹೆಚ್ಚು ತಟ್ಟಿದ್ದು ಇಂಥ ಡ್ರೈವರ್‌ಗಳನ್ನು ಬರೆಯುವ ಮೆಸಾ ಯೋಜನೆಗೆ. ಲಿನಕ್ಸ್‌ನಲ್ಲಿ ಇಂಟೆಲ್, ಎಎಂಡಿ ಕಾರ್ಡುಗಳು ಚಿತ್ರ ಮೂಡಿಸುವುದು ಬಹುಪಾಲು ಇದರ ಮೂಲಕವೇ. ಆಟಗಳಲ್ಲಿ ಗೋಡೆ, ನೆಲ, ಬಟ್ಟೆಗಳ ಮೇಲೆ ಹೊದಿಸುವ ಚಿತ್ರಗಳನ್ನು ಕುಗ್ಗಿಸಲು ಎಸ್3 ಕಂಪನಿ ಎಸ್3ಟಿಸಿ ಎಂಬ ವಿಧಾನ ರೂಪಿಸಿತ್ತು. ಚಿತ್ರವನ್ನು ನಾಲ್ಕು ಅಡ್ಡ, ನಾಲ್ಕು ಉದ್ದದ ಚೌಕಗಳಾಗಿ ಒಡೆಯುತ್ತಾರೆ. ಒಂದು ಚೌಕದಲ್ಲಿ 16 ಚುಕ್ಕಿಗಳು. ಚುಕ್ಕಿಗೆ 24 ಬಿಟ್‌ನಂತೆ 384 ಬಿಟ್ ಬೇಕು. ಎಸ್3ಟಿಸಿಯ ಮೂಲ ರೂಪದಲ್ಲಿ ಪ್ರತಿ ಚೌಕಕ್ಕೆ 16 ಬಿಟ್‌ನ ಎರಡೇ ಬಣ್ಣಗಳನ್ನು ಇಟ್ಟುಕೊಂಡು, ನಡುವಿನ ಎರಡು ಬಣ್ಣಗಳನ್ನು ಲೆಕ್ಕ ಹಾಕಿ ಪಡೆಯುತ್ತಾರೆ. ಈ ನಾಲ್ಕರಲ್ಲಿ ಯಾವುದು ಎಂದು ಹೇಳಲು ಪ್ರತಿ ಚುಕ್ಕಿಗೆ 2 ಬಿಟ್ ಸಾಕು. ಒಟ್ಟು 64 ಬಿಟ್, ಅಂದರೆ ಆರನೇ ಒಂದು ಪಾಲು.

ವಿಧಾನ ಇಷ್ಟೇ. ಗಣಿತ ಬಲ್ಲ ವಿದ್ಯಾರ್ಥಿ ಇದಕ್ಕೆ ಕೋಡ್ ಬರೆಯಬಲ್ಲ. ಆದರೆ 1999ರಲ್ಲಿ ಅಮೆರಿಕ ಇದಕ್ಕೆ ಪೇಟೆಂಟ್ ಕೊಟ್ಟಿತು. ಕಾರ್ಡಿನ ಚಿಪ್ಪಿಗೆ ಇದನ್ನು ಬಿಚ್ಚಲು ಬರುತ್ತಿತ್ತು. ಆದರೆ ಓಪನ್‌ಜಿಎಲ್ ಎಂಬ ಚಿತ್ರ ಮೂಡಿಸುವ ಮಾನದಂಡದ ನಿಯಮದಂತೆ ಡ್ರೈವರ್ ತಾನೇ ಕುಗ್ಗಿಸಿಯೂ ಕೊಡಬೇಕಿತ್ತು. ಚಿಪ್ ತಯಾರಕರು ಪಡೆದ ಪರವಾನಗಿ ಬೇರೆಯವರು ಬರೆದ ಡ್ರೈವರ್‌ಗೂ ಸಲ್ಲುತ್ತದೆಯೇ ಎಂಬುದು ವಕೀಲರು ವಾದಿಸಬೇಕಾದ ವಿಷಯ. ನೀವು ಕಾರ್ಡಿಗೆ ಕೊಟ್ಟ ಹಣ ಇಲ್ಲಿ ನೆರವಿಗೆ ಬರುವುದು ಅನುಮಾನ. ಹೀಗಾಗಿ ಮೆಸಾ ಆ ಭಾಗವನ್ನು ಹೊರಗಿಟ್ಟಿತು. ಬೇಕಾದವರು ಬೇರೆ ಲೈಬ್ರರಿಯೊಂದನ್ನು ತಾವೇ ಹುಡುಕಿ ಹಾಕಿಕೊಳ್ಳಬೇಕಿತ್ತು. ಗೊತ್ತಿಲ್ಲದವರಿಗೆ ಎಷ್ಟೋ ಆಟಗಳು ತೆರೆಯಲೇ ಇಲ್ಲ, ಅಥವಾ ಗೋಡೆಗಳು ಕಪ್ಪಾಗಿ ಕಂಡವು. 2017ರ ಅಕ್ಟೋಬರ್‌ನಲ್ಲಿ ಪೇಟೆಂಟ್ ಅವಧಿ ತೀರಿದ ಕೂಡಲೇ ಆ ಕೋಡ್ ಮೆಸಾದೊಳಗೆ ಸೇರಿತು. ಬರೆದು ಸಿದ್ಧವಾಗಿದ್ದ ಕೆಲಸ ಬರಿಯ ತಾರೀಖಿಗಾಗಿ ವರ್ಷಗಟ್ಟಲೆ ಕಾದದ್ದು ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ. ದಶಮಾಂಶ ಸಂಖ್ಯೆಗಳಲ್ಲಿ ಬಣ್ಣ ಹಿಡಿದಿಡುವ ಟೆಕ್ಸ್‌ಚರ್‌ಗಳಿಗೂ (ಹೊದಿಸುವ ಚಿತ್ರಗಳಿಗೂ) ಎಸ್‌ಜಿಐ ಕಂಪನಿಯ ಪೇಟೆಂಟ್‌ನಿಂದ 2018ರವರೆಗೆ ಇದೇ ಗತಿ.

ಪರವಾನಗಿ ಕೊಳ್ಳಬಾರದೇ ಎಂದು ಕೆಲವರು ಕೇಳುತ್ತಾರೆ. ಪ್ರತಿಗೆ ಇಷ್ಟು ಎಂದು ಶುಲ್ಕ ಕಟ್ಟಬೇಕಾದರೆ ಪ್ರತಿಗಳ ಲೆಕ್ಕ ಬೇಕು. ಯಾರು ಬೇಕಾದರೂ ಹಂಚಬಹುದಾದ ತಂತ್ರಾಂಶಕ್ಕೆ ಆ ಲೆಕ್ಕ ಇಡುವವರು ಯಾರು? ಇನ್ನೊಂದು ಕೆಡುಕಿದೆ. ಅಮೆರಿಕದಲ್ಲಿ ಗೊತ್ತಿದ್ದೂ ಉಲ್ಲಂಘಿಸಿದರೆ ಪರಿಹಾರದ ಮೊತ್ತ ಮೂರು ಪಟ್ಟಿನವರೆಗೆ ಏರಬಹುದು. ಆದ್ದರಿಂದ ಪೇಟೆಂಟ್‌ಗಳನ್ನು ಓದಲೇಬೇಡಿ ಎಂದು ಡೆವಲಪರ್‌ಗಳಿಗೆ ಬುದ್ಧಿ ಹೇಳುವುದು ವಾಡಿಕೆ. ಜ್ಞಾನವನ್ನು ಬಹಿರಂಗಪಡಿಸಲೆಂದೇ ಹುಟ್ಟಿದ ವ್ಯವಸ್ಥೆ ಓದುವವರನ್ನೇ ಹೆದರಿಸುತ್ತಿದೆ.

ಭಾರತದ ಪೇಟೆಂಟ್ ಕಾಯಿದೆಯ ಸೆಕ್ಷನ್ 3(ಕೆ) ಗಣಿತ ವಿಧಾನ, ಅಲ್ಗಾರಿದಮ್ ಮತ್ತು ಬರಿಯ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಪೇಟೆಂಟಿನಿಂದ ಹೊರಗಿಡುತ್ತದೆ. ಅಮೆರಿಕದ ಪೇಟೆಂಟ್ ಇಲ್ಲಿ ನಡೆಯುವುದೂ ಇಲ್ಲ. ಆದರೂ ಬೆಂಗಳೂರಿನ ಬಳಕೆದಾರರಿಗೆ ಅದರ ಪೆಟ್ಟು ತಪ್ಪುವುದಿಲ್ಲ, ಏಕೆಂದರೆ ಪ್ಯಾಕೇಜ್ ಸಿದ್ಧವಾಗುವುದು ಅಲ್ಲಿನ ಕಾನೂನಿಗೆ ಅಂಜಿ. 2022ರ ಸೆಪ್ಟೆಂಬರ್‌ನಲ್ಲಿ ಫೆಡೋರಾ ಎಂಬ ಲಿನಕ್ಸ್ ವಿತರಣೆ ತನ್ನ ಮೆಸಾದಿಂದ ಎಚ್.264, ಎಚ್.265 ಎಂಬ ವಿಧಾನಗಳಲ್ಲಿ ಕುಗ್ಗಿಸಿದ ವಿಡಿಯೊಗಳಿಗೆ ಕಾರ್ಡಿನ ನೆರವು ಪಡೆಯುವ ಭಾಗವನ್ನು ತೆಗೆದಾಗ ಎಎಂಡಿ ಕಾರ್ಡ್ ಇದ್ದವರಿಗೆ ಆದದ್ದು ಇದೇ. ವಿಡಿಯೊ ಬಿಚ್ಚುವ ಹೊರೆ ಸಿಪಿಯು ಮೇಲೆ ಬಿದ್ದು, ಲ್ಯಾಪ್‌ಟಾಪ್ ಬಿಸಿಯಾಗಿ, ಬ್ಯಾಟರಿ ಬೇಗ ಬರಿದಾಗುತ್ತದೆ. ಆ ಭಾಗ ಬೇಕಿದ್ದರೆ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರದ ಮೆಸಾ ಪ್ಯಾಕೇಜ್‌ಗಳನ್ನು ಹಾಕಿಕೊಳ್ಳಿ.