ಕೊಳದ ಅಂಚಿನ ಐರಿಸ್: ಎಲೆ ಬೇಕಾದಷ್ಟು, ಹೂ ಯಾಕಿಲ್ಲ?

ಪ್ರಶ್ನೆ: ತೋಟದ ಕೊಳದ ಅಂಚಿನಲ್ಲಿ ಜಾಲರಿ ಬುಟ್ಟಿಯೊಳಗೆ ನೀರಿನ ಐರಿಸ್ ನೆಟ್ಟು ನಾಲ್ಕು ವರ್ಷವಾಯಿತು. ಎರಡನೇ ವರ್ಷ ಚೆನ್ನಾಗಿ ಹೂ ಬಂತು, ಮೂರನೇ ವರ್ಷ ಎರಡೋ ಮೂರೋ, ಈ ಸಲ ಒಂದೂ ಇಲ್ಲ. ಎಲೆ ಮಾತ್ರ ಸೊಂಟದೆತ್ತರ ಬೆಳೆದು ನಿಂತಿದೆ. ನೀರು ಹೆಚ್ಚಾಯಿತೇ? ಬುಟ್ಟಿಯನ್ನು ಎಷ್ಟು ಆಳದಲ್ಲಿ ಇಡಬೇಕು?

ಉತ್ತರ: ನೀರು ಹೆಚ್ಚಾದರೂ ಹೂ ನಿಲ್ಲುತ್ತದೆ, ನಿಜ. ಆದರೆ ಒಂದೆರಡು ವರ್ಷ ಹೂ ಬಿಟ್ಟು ಆಮೇಲೆ ನಿಲ್ಲಿಸಿದ ಗಿಡದಲ್ಲಿ ಮೊದಲು ನೋಡಬೇಕಾದದ್ದು ಬುಟ್ಟಿಯ ನಡುಭಾಗವನ್ನು. ಎಲೆಗಳನ್ನು ಎರಡೂ ಕೈಯಿಂದ ಬಿಡಿಸಿ ಇಣುಕಿ ನೋಡಿ. ಎಲೆಗೊಂಚಲುಗಳೆಲ್ಲ ಬುಟ್ಟಿಯ ಗೋಡೆಗೆ ಒತ್ತಿಕೊಂಡು ನಿಂತಿದ್ದು, ನಡುವೆ ಬರೀ ಕಂದುಬಣ್ಣದ ಬೋಳು ಗೆಡ್ಡೆಗಳು ಕಂಡರೆ ಗಿಡಕ್ಕೆ ಜಾಗ ಸಾಲುತ್ತಿಲ್ಲ ಎಂದೇ ಅರ್ಥ.

ಐರಿಸ್‌ನ ಗೆಡ್ಡೆ ಶುಂಠಿಯ ಹಾಗೆ ಮಣ್ಣಿನಲ್ಲಿ ಅಡ್ಡಡ್ಡ ಬೆಳೆಯುತ್ತದೆ. ಅದರ ಒಂದೊಂದು ತುದಿಗೂ ಒಂದೊಂದು ಎಲೆಗೊಂಚಲು. ಆ ತುದಿ ಹೂ ಬಿಡುವುದು ಒಂದೇ ಸಲ. ಹೂದಂಟು ಬಂದು ಹೋದ ಮೇಲೆ ಮುಂದಿನ ಹೂ ಬರಬೇಕಾದದ್ದು ಅದರ ಮಗ್ಗುಲಲ್ಲಿ ಒಡೆಯುವ ಮರಿಗಳಿಂದ. ಮರಿಗೆ ಹೂ ಬಿಡುವಷ್ಟು ಮೈ ತುಂಬಿಕೊಳ್ಳಲು ಮಣ್ಣು ಬೇಕು, ಬೇರು ಬಿಡಲು ಜಾಗ ಬೇಕು. ನಾಲ್ಕು ವರ್ಷದ ಬುಟ್ಟಿಯಲ್ಲಿ ಎರಡೂ ಮುಗಿದಿರುತ್ತವೆ. ಮರಿಗಳು ಸಣಕಲಾಗಿಯೇ ಉಳಿದು, ಎಲೆ ಬಿಡುವುದರಲ್ಲೇ ವರ್ಷ ಕಳೆಯುತ್ತವೆ. ಹೊರಗಿನಿಂದ ನೋಡಿದವರಿಗೆ ಗಿಡ ಹುಲುಸಾಗಿಯೇ ಕಾಣುತ್ತದೆ; ಮೋಸ ಹೋಗುವುದು ಅಲ್ಲೇ.

ಆಳದ ಲೆಕ್ಕ ಹೀಗೆ. ಗೆಡ್ಡೆಯ ಮೇಲಿನ ಮಣ್ಣಿನ ಮಟ್ಟದಿಂದ ನೀರಿನ ಮೇಲ್ಮೈವರೆಗೆ ಅಳೆಯಬೇಕು, ಬುಟ್ಟಿಯ ತಳದಿಂದಲ್ಲ. ನರ್ಸರಿಯ ಚೀಟಿಯಲ್ಲಿ '10 ಸೆಂ.ಮೀ.' ಎಂದಿದ್ದರೆ ಮಣ್ಣಿನ ಮೇಲೆ ನಿಲ್ಲುವ ನೀರು 10 ಸೆಂ.ಮೀ. ಎಷ್ಟು ಆಳ ತಡೆಯುತ್ತದೆ ಎಂಬುದು ಜಾತಿಯ ಮೇಲೆ ಹೋಗುತ್ತದೆ. ಉತ್ತರ ಅಮೆರಿಕದ ಪೂರ್ವ ಭಾಗದ ನೀಲಿ ಐರಿಸ್ ವರ್ಸಿಕಲರ್‌ಗೆ 5ರಿಂದ 10 ಸೆಂ.ಮೀ. ಸಾಕು. ಅದರ ದಕ್ಷಿಣದ ನೆಂಟ ಐರಿಸ್ ವರ್ಜೀನಿಕಾ 15ರವರೆಗೂ ತಾಳುತ್ತದೆ. ಲೂಯಿಸಿಯಾನಾ ಐರಿಸ್ ಎಂದು ಕರೆಯುವ ಗುಂಪಿನಲ್ಲಿ ಇಟ್ಟಿಗೆ ಕೆಂಪಿನ ಐರಿಸ್ ಫುಲ್ವಾ ಸೇರಿ ಐದು ಜಾತಿಗಳಿವೆ. ಅವುಗಳಿಗೂ 15 ಸೆಂ.ಮೀ. ಮೇಲ್ಮಿತಿ ಎಂದಿಟ್ಟುಕೊಳ್ಳಿ. ಪೂರ್ವ ಏಷ್ಯಾದ ಐರಿಸ್ ಲೇವಿಗೇಟಾ ವರ್ಷವಿಡೀ 5ರಿಂದ 10 ಸೆಂ.ಮೀ. ನೀರಿನಲ್ಲಿ ಸುಖವಾಗಿರುತ್ತದೆ. ಅದೇ ಕಡೆಯ ಐರಿಸ್ ಎನ್ಸಾಟಾ ಹಾಗಲ್ಲ: ಬೆಳೆಯುವ ಕಾಲದಲ್ಲಿ ಒದ್ದೆ ಬೇಕು, ಚಳಿಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಈ ಎರಡನ್ನೂ ಅಂಗಡಿಯಲ್ಲಿ ಒಂದೇ ಹೆಸರಿನಲ್ಲಿ ಮಾರುವುದುಂಟು. ಎಲೆಯನ್ನು ಬೆರಳ ನಡುವೆ ಎಳೆದು ನೋಡಿ. ಎನ್ಸಾಟಾದ ಎಲೆಯ ನಡುವೆ ಉಬ್ಬಿದ ನರ ಗಟ್ಟಿಯಾಗಿ ತಾಗುತ್ತದೆ, ಲೇವಿಗೇಟಾದ ಎಲೆ ನುಣುಪು.

ಇವೆಲ್ಲ ಮೇಲ್ಮಿತಿಗಳೇ ಹೊರತು ಗುರಿಗಳಲ್ಲ. ಅನುಮಾನವಿದ್ದರೆ ಬುಟ್ಟಿಯನ್ನು ಮೇಲಕ್ಕೇ ಇಡಿ. ಮಣ್ಣು ಸದಾ ಒದ್ದೆಯಾಗಿದ್ದು ಮೇಲೆ ಎರಡು ಬೆರಳು ನೀರು ನಿಂತರೆ ಈ ಗಿಡಗಳಿಗೆ ಧಾರಾಳವಾಯಿತು. ಮಳೆಗೆ ಕೊಳ ಉಕ್ಕಿ ವಾರ ಹತ್ತು ದಿನ ಮುಳುಗಿದರೆ ಹೆದರಬೇಕಿಲ್ಲ. ತಿಂಗಳುಗಟ್ಟಲೆ ಮುಳುಗಿದ್ದರೆ ಎಲೆ ಉದ್ದವಾಗಿ ಸೊರಗುತ್ತದೆ, ಮರಿ ಒಡೆಯುವುದೂ ನಿಲ್ಲುತ್ತದೆ.

ಹೂ ನಿಲ್ಲಲು ಇನ್ನೆರಡು ಕಾರಣಗಳಿವೆ. ಒಂದು ನೆರಳು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ನೆಟ್ಟಾಗ ಇದ್ದ ಬಿಸಿಲು ಈಗಲೂ ಇದೆಯೇ ಎಂದು ಎಣಿಸಿ ನೋಡಿ. ಪಕ್ಕದ ಮರ ನಾಲ್ಕು ವರ್ಷದಲ್ಲಿ ಬೆಳೆದಿರುತ್ತದೆ, ನಮ್ಮ ಗಮನಕ್ಕೆ ಬಂದಿರುವುದಿಲ್ಲ. ಇನ್ನೊಂದು ಸಾರಜನಕದ ಅತಿ. ಹುಲ್ಲುಹಾಸಿಗೆ ಹಾಕಿದ ಗೊಬ್ಬರ ಮಳೆಯಲ್ಲಿ ಕೊಳಕ್ಕೆ ಹರಿದು ಬಂದರೆ, ಅಥವಾ ಕೊಳದಲ್ಲಿ ಮೀನು ವಿಪರೀತ ಇದ್ದರೆ, ಎಲೆ ಕಡುಹಸಿರಾಗಿ ಮೆತ್ತಗೆ ಬೆಳೆದು ಅಡ್ಡ ಬೀಳುತ್ತದೆ. ಜತೆಗೆ ನೀರಿನಲ್ಲಿ ಪಾಚಿಯೂ ಎದ್ದಿದ್ದರೆ ಇದೇ ಕಾರಣ.

ಸ್ಥಳೀಯ ಜಾತಿಯನ್ನೇ ನೆಡಿ ಎಂದು ತಿಳಿದವರು ಒತ್ತಿ ಹೇಳುವುದಕ್ಕೆ ಹೂವಿನ ಮಟ್ಟಿಗೂ ಅರ್ಥವಿದೆ. ನೀರು ಹೆಪ್ಪುಗಟ್ಟುವ ಚಳಿಗೆ ಒಗ್ಗಿದ ವರ್ಸಿಕಲರನ್ನು ಚಳಿಯೇ ಇಲ್ಲದ ಕಡೆ ತಂದರೆ ಎಲೆ ಬಿಟ್ಟುಕೊಂಡು ಕೂರುತ್ತದೆ, ಹೂವಿನ ಸುದ್ದಿಯಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಹಳದಿ ಹೂವಿನ ಐರಿಸ್ ಸ್ಯೂಡಕೋರಸ್‌ನದು. ಯುರೋಪ್, ಪಶ್ಚಿಮ ಏಷ್ಯಾ ಮತ್ತು ವಾಯವ್ಯ ಆಫ್ರಿಕಾ ಅದರ ತವರು. ಅಲ್ಲಿನ ದೊಡ್ಡ ಕೊಳಕ್ಕೆ ಅದು ಒಳ್ಳೆಯ ಗಿಡವೇ. ಹೊರಗೆ, ಮುಖ್ಯವಾಗಿ ಉತ್ತರ ಅಮೆರಿಕದಲ್ಲಿ ಮತ್ತು ನ್ಯೂಜಿಲೆಂಡಿನಲ್ಲಿ, ಹೊಳೆಯಂಚನ್ನೆಲ್ಲ ಆಕ್ರಮಿಸುವ ಕಳೆ. ಅಮೆರಿಕದ ವಾಷಿಂಗ್ಟನ್, ಆರೆಗಾನ್ ಮುಂತಾದ ರಾಜ್ಯಗಳಲ್ಲಿ ಅದರ ಮಾರಾಟಕ್ಕೇ ನಿರ್ಬಂಧವಿದೆ. ಬೀಜ ನೀರಿನಲ್ಲಿ ತೇಲಿಹೋಗುತ್ತದೆ, ಗೆಡ್ಡೆಯ ಚೂರೊಂದು ಸಿಕ್ಕಿದ ಕಡೆ ಬೇರೂರುತ್ತದೆ. ಹೂವಿಲ್ಲದಾಗ ಗುರುತು ಹಿಡಿಯುವುದು ಕಷ್ಟ. ಹಳದಿಯದರ ಎಲೆಯ ನಡುವೆ ಉಬ್ಬಿದ ನರವಿರುತ್ತದೆ. ವರ್ಸಿಕಲರ್‌ನ ಎಲೆಬುಡದಲ್ಲಿ ಹೆಚ್ಚಾಗಿ ನೇರಳೆ ಛಾಯೆ. ಖಾತ್ರಿಯಾಗುವುದು ಹೂ ಅರಳಿದ ಮೇಲೆಯೇ. ನಮ್ಮ ಬಜೆ ಗಿಡವನ್ನೂ ಐರಿಸ್ ಎಂದು ತಿಳಿದು ನೆಡುವವರಿದ್ದಾರೆ. ಎಲೆ ಹಿಸುಕಿ ಮೂಸಿದರೆ ಘಮ್ಮೆಂದರೆ ಅದು ಬಜೆ, ಎಷ್ಟು ಕಾದರೂ ಐರಿಸ್ ಹೂ ಬರುವುದಿಲ್ಲ.

ಈಗ ನಿಮ್ಮ ಬುಟ್ಟಿಯ ಕೆಲಸ. ಹೂವಿನ ಕಾಲ ಮುಗಿದ ಕೂಡಲೇ ಮಾಡಿದರೆ ಒಳ್ಳೆಯದು, ಚಳಿ ಬರುವ ಮುಂಚೆ ಆರೆಂಟು ವಾರ ಬೇರು ಬಿಡಲು ಸಿಗುತ್ತದೆ. ಕೈಗವಸು ಹಾಕಿಕೊಳ್ಳಿ; ಐರಿಸ್‌ನ ರಸ ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆಯೇಳುತ್ತದೆ, ಗೆಡ್ಡೆ ತಿಂದರೆ ಮನುಷ್ಯರಿಗೂ ಸಾಕುಪ್ರಾಣಿಗೂ ವಾಂತಿ ಭೇದಿ. ಬುಟ್ಟಿಯನ್ನು ಮೇಲೆತ್ತಿ ಒಂದು ಗಂಟೆ ನೀರು ಬಸಿಯಲು ಬಿಡಿ, ಇಲ್ಲವಾದರೆ ಭಾರಕ್ಕೆ ಸೊಂಟ ಹಿಡಿಯುತ್ತದೆ. ಬೇರು ಜಾಲರಿಯಿಂದ ಹೊರಗೆ ಹೆಣೆದುಕೊಂಡಿದ್ದರೆ ಎಳೆದಾಡಬೇಡಿ, ಬುಟ್ಟಿಯನ್ನೇ ಕತ್ತರಿಸಿ. ಗೆಡ್ಡೆಗಳನ್ನು ತೊಳೆದು, ಹೊರಸುತ್ತಿನ ಗಟ್ಟಿ ತುದಿಗಳನ್ನು ಚೂಪು ಚಾಕುವಿನಿಂದ ಬೇರ್ಪಡಿಸಿ. ಒಂದೊಂದು ತುಂಡೂ 8–10 ಸೆಂ.ಮೀ. ಉದ್ದವಿರಲಿ, ಒಂದು ಎಲೆಗೊಂಚಲು ಮತ್ತು ಬಿಳಿಯ ಜೀವಂತ ಬೇರು ಇರಲೇಬೇಕು. ನಡುವಿನ ಬೋಳು ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಆಸೆಪಡದೆ ಎಸೆಯಿರಿ. ಎಲೆಯನ್ನು 15 ಸೆಂ.ಮೀ.ಗೆ ಕತ್ತರಿಸಿ, ಹೊಸ ಬೇರು ಬರುವವರೆಗೆ ಉದ್ದ ಎಲೆ ಗಾಳಿಗೆ ತೊನೆದು ಗೆಡ್ಡೆಯನ್ನು ಕಿತ್ತುಹಾಕುತ್ತದೆ.

30 ಸೆಂ.ಮೀ. ಅಗಲದ ಬುಟ್ಟಿಗೆ ಮೂರು ತುಂಡು ಸಾಕು. ಕತ್ತರಿಸಿದ ಹಳೆಯ ತುದಿ ಗೋಡೆಯ ಕಡೆಗೆ, ಬೆಳೆಯುವ ತುದಿ ನಡುವಿನ ಖಾಲಿ ಜಾಗದ ಕಡೆಗೆ ಮುಖ ಮಾಡಿರಲಿ. ಹೀಗಿಟ್ಟರೆ ಅದು ಗೋಡೆ ಮುಟ್ಟಲು ಒಂದು ವರ್ಷ ತಡವಾಗುತ್ತದೆ. ಮಣ್ಣು ಜೇಡಿ ಬೆರೆತ ಭಾರದ ತೋಟದ ಮಣ್ಣೇ ಆಗಬೇಕು. ಕಾಂಪೋಸ್ಟ್, ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ ಯಾವುದೂ ಬೇಡ: ಹಗುರವಾದದ್ದು ತೇಲುತ್ತದೆ, ಉಳಿದದ್ದು ನೀರಿನೊಳಗೆ ಕೊಳೆತು ಪಾಚಿಗೆ ಊಟವಾಗುತ್ತದೆ. ಗೆಡ್ಡೆಯ ಮೇಲೆ 3 ಸೆಂ.ಮೀ. ಮಣ್ಣು ಮುಚ್ಚಿ. ಒಣನೆಲದ ಗಡ್ಡದ ಐರಿಸ್ (ಹೂದಳದ ಮೇಲೆ ಗಡ್ಡದಂಥ ರೋಮವಿರುವ ಬಗೆ) ಬೆಳೆಸಿದವರು ರೂಢಿಬಲದಿಂದ ಗೆಡ್ಡೆಯನ್ನು ಬಿಸಿಲಿಗೆ ತೆರೆದಿಡುತ್ತಾರೆ, ನೀರಿನ ಐರಿಸ್‌ಗೆ ಅದು ಸಲ್ಲದು. ಮೇಲೆ ಒಂದೆರಡು ಸೆಂ.ಮೀ. ಸಣ್ಣ ಜಲ್ಲಿ ಹರಡಿ. ಕೊಳದಲ್ಲಿ ದೊಡ್ಡ ಮೀನಿದ್ದರೆ ಜಲ್ಲಿಯ ಬದಲು ಮುಷ್ಟಿಗಾತ್ರದ ಕಲ್ಲು ಜೋಡಿಸಿ, ಇಲ್ಲವಾದರೆ ಅವು ಮಣ್ಣನ್ನೆಲ್ಲ ಕೆದಕಿ ಗೆಡ್ಡೆ ತೇಲಿಸುತ್ತವೆ.

ನೆಟ್ಟ ಬುಟ್ಟಿಯನ್ನು ಓರೆ ಮಾಡಿ ನಿಧಾನವಾಗಿ ಇಳಿಸಿ, ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬರಲಿ. ಮೊದಲ ಮೂರು ನಾಲ್ಕು ವಾರ ಮಣ್ಣಿನ ಮಟ್ಟ ನೀರಿನ ಮಟ್ಟಕ್ಕೆ ಸರಿಸಮವಾಗಿರಬೇಕು. ಕೆಳಗೆ ಇಟ್ಟಿಗೆ ಕೊಡಿ. ಹೊಸ ಎಲೆ ಒಂದು ಗೇಣು ಬಂದ ಮೇಲೆ ಇಟ್ಟಿಗೆ ತೆಗೆದು ಆಳಕ್ಕೆ ಇಳಿಸಬಹುದು. ಬೇರಿಲ್ಲದ ತುಂಡನ್ನು ಮೊದಲ ದಿನವೇ ಆಳಕ್ಕಿಟ್ಟದ್ದರಿಂದ ಸತ್ತ ಗಿಡಗಳೇ ಜಾಸ್ತಿ. ಗೊಬ್ಬರ ಆಗಲೇ ಬೇಡ. ಮುಂದಿನ ವರ್ಷ ಚಿಗುರುವಾಗ ನೀರಿನ ಗಿಡಗಳಿಗೆಂದೇ ಸಿಗುವ ಗುಳಿಗೆ ಎರಡನ್ನು ಬೇರಿನ ಪಕ್ಕ ಬೆರಳುದ್ದ ಆಳಕ್ಕೆ ಒತ್ತಿ, ಮೇಲೆ ಮಣ್ಣು ಮುಚ್ಚಿ.

ಬುಟ್ಟಿ ಬಿಟ್ಟು ನೇರವಾಗಿ ಅಂಚಿನ ಮಣ್ಣಿಗೇ ನೆಡುವುದಾದರೆ ಒಂದು ಎಚ್ಚರ. ಕೊಳದೊಳಗಿನ ಒದ್ದೆ ಮಣ್ಣು, ನೀರು ಇಂಗದಂತೆ ಕೊಳಕ್ಕೆ ಹಾಸುವ ಲೈನರ್ ಹಾಳೆಯ ಅಂಚು ದಾಟಿ ಹೊರಗಿನ ಒಣ ಮಣ್ಣನ್ನು ಮುಟ್ಟಿದರೆ ನೀರು ಅದರ ಮೂಲಕ ಹೀರಿಕೊಂಡು ಹೊರಹೋಗುತ್ತಲೇ ಇರುತ್ತದೆ. ಕೊಳ ಸೋರುತ್ತಿದೆ ಎಂದು ತೂತು ಹುಡುಕುವವರು ಮೊದಲು ಇದನ್ನು ನೋಡಬೇಕು. ಹಾಳೆಯ ಅಂಚನ್ನು ಎರಡು ಮಣ್ಣುಗಳ ನಡುವೆ ನೀರಿನ ಮಟ್ಟಕ್ಕಿಂತ 5 ಸೆಂ.ಮೀ. ಮೇಲಕ್ಕೆ ಎದ್ದು ನಿಲ್ಲಿಸಿ, ಕಲ್ಲಿನಿಂದ ಮರೆಮಾಡಿ.

ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ನೀರು ಗಡಸು. ಎನ್ಸಾಟಾ ಮತ್ತು ಲೂಯಿಸಿಯಾನಾ ಗುಂಪು ಸುಣ್ಣವನ್ನು ಸಹಿಸುವುದಿಲ್ಲ, ಕಬ್ಬಿಣ ಮಣ್ಣಿನಲ್ಲಿದ್ದರೂ ಹೀರಿಕೊಳ್ಳಲಾಗದೆ ಸೊರಗುತ್ತವೆ. ಕೊಳಕ್ಕೆ ಮಳೆನೀರು ತುಂಬಿಸಿ, ಸುಣ್ಣಕಲ್ಲಿನ ಜಲ್ಲಿಯಿದ್ದರೆ ತೆಗೆದು ಗ್ರಾನೈಟ್ ಜಲ್ಲಿ ಹಾಕಿ. ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಐರಿಸ್ ಕೊರಕ ಹುಳುವಿನ ಕಾಟವೂ ಇದೆ: ಎಲೆಯಲ್ಲಿ ನೀರು ತುಂಬಿದಂಥ ಗೀರು ಮೊದಲು, ಆಮೇಲೆ ಗೆಡ್ಡೆ ಟೊಳ್ಳಾಗಿ ದುರ್ವಾಸನೆ. ಅದರ ಮೊಟ್ಟೆ ಚಳಿಗಾಲ ಕಳೆಯುವುದು ಒಣಗಿದ ಎಲೆಯ ಮೇಲೆ. ಆದ್ದರಿಂದ ಎಲೆ ಕಂದಿದ ಕೂಡಲೇ ಕತ್ತರಿಸಿ ತೋಟದಿಂದ ಆಚೆ ಸಾಗಿಸಿ. ಹುಳುವಿಲ್ಲದ ಊರಿನಲ್ಲೂ ಈ ಕೆಲಸ ಬಿಡಬೇಡಿ, ಕೊಳದ ತಳದಲ್ಲಿ ಎಲೆ ಕೊಳೆತರೆ ಅದೂ ಪಾಚಿಗೇ ಹೋಗುತ್ತದೆ.

ಮಿಕ್ಕ ಗೆಡ್ಡೆಯನ್ನು ಹಳ್ಳಕ್ಕೋ ಕೆರೆಗೋ ಎಸೆಯಬೇಡಿ. ಹಳದಿ ಐರಿಸ್ ಆದರೆ ಕಾಂಪೋಸ್ಟ್ ಗುಂಡಿಗೂ ಬೇಡ, ವಾರಗಟ್ಟಲೆ ಒಣಗಿದ ಚೂರೂ ಒದ್ದೆ ಸಿಕ್ಕಿದರೆ ಚಿಗುರೀತು. ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಬಿಡಿಸಿ ನೆಟ್ಟ ಮುಂದಿನ ವರ್ಷ ಹೂ ಒಂದೋ ಎರಡೋ ಬರಬಹುದು, ಬಾರದೆಯೂ ಇರಬಹುದು. ಅದರ ಮರುವರ್ಷ ಬರಲೇಬೇಕು. ಆಗಲೂ ಇಲ್ಲವೆಂದರೆ ಬುಟ್ಟಿಯನ್ನು ಮತ್ತೆ ಕೀಳಲು ಹೋಗಬೇಡಿ, ಬಿಸಿಲಿರುವ ಅಂಚಿಗೆ ಸರಿಸಿ.