ಕೇಳಿದ ಮೇಲೆ ಕಾಯುವುದು

ಯಾವುದೇ ಕನ್ನಡ ಶಾಲೆಯ ವರಾಂಡದಲ್ಲಿ ನಿಂತು ಕಿವಿಗೊಟ್ಟರೆ ಅತಿ ಹೆಚ್ಚು ಸಲ ಕೇಳಿಸುವ ಪ್ರಶ್ನೆ, "ಅರ್ಥ ಆಯ್ತಾ ಮಕ್ಕಳೇ?" ಉತ್ತರವೂ ಒಂದೇ, "ಆಯ್ತು ಟೀಚರ್!" ಇದರ ನಂತರದ ಸ್ಥಾನ ಅರ್ಧ ವಾಕ್ಯದ ಪ್ರಶ್ನೆಗೆ. "ಸಸ್ಯಗಳು ತಮ್ಮ ಆಹಾರವನ್ನು ತಾವೇ ತಯಾ..." ಎಂದು ಟೀಚರ್ ದನಿ ಎಳೆದು ನಿಲ್ಲಿಸುತ್ತಾರೆ, "...ರಿಸುತ್ತವೆ" ಎಂದು ತರಗತಿ ಮುಗಿಸುತ್ತದೆ. ಪಾಠ ಚುರುಕಾಗಿ ಸಾಗುತ್ತಿದೆ ಎಂದು ಹೊರಗಿನವರಿಗೆ ಅನಿಸುತ್ತದೆ. ನಿಜದಲ್ಲಿ ಮುಂದಿನ ಬೆಂಚಿನ ನಾಲ್ಕೈದು ಮಕ್ಕಳು ಹೇಳುತ್ತಿರುತ್ತಾರೆ, ಮಿಕ್ಕವರು ಅವರ ದನಿಗೆ ದನಿ ಸೇರಿಸುತ್ತಿರುತ್ತಾರೆ. ಯಾರಿಗೆ ಏನು ತಿಳಿಯಿತು ಎಂಬುದು ಟೀಚರ್‌ಗೆ ತಿಳಿಯುವುದಿಲ್ಲ. ತನಗೆ ತಿಳಿದಿಲ್ಲ ಎಂಬುದು ಎಷ್ಟೋ ಸಲ ಆ ಮಗುವಿಗೂ ತಿಳಿಯುವುದಿಲ್ಲ.

ಮುಂಬಯಿಯ ಕನ್ನಡ ಶಾಲೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವುದು, ಆಮೇಲೆ ಶಿಕ್ಷಕರ ಜೊತೆ ಅದರ ಬಗ್ಗೆ ಮಾತಾಡುವುದು ನನ್ನ ಕೆಲಸ. ಪ್ರಶ್ನೆ ಕೇಳುವ ಕೌಶಲ ಎಂದಾಕ್ಷಣ ತರಬೇತಿಗಳಲ್ಲಿ ಕಲಿಕೆಯನ್ನು ಸರಳದಿಂದ ಕಠಿಣದತ್ತ ಹಂತಹಂತವಾಗಿ ವಿಂಗಡಿಸುವ 1956ರ ಬ್ಲೂಮ್ ವರ್ಗೀಕರಣದ ಮೆಟ್ಟಿಲುಗಳನ್ನು ಬರೆಸುತ್ತಾರೆ: ನೆನಪು, ತಿಳಿವಳಿಕೆ, ಅನ್ವಯ ಹೀಗೆ. ಅದು ಬೇಕಾದದ್ದೇ. ಆದರೆ ನಾನು ನೋಡುವ ತರಗತಿಗಳಲ್ಲಿ ತೊಡಕಿರುವುದು ಅಲ್ಲಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಇರಬೇಕಾದ ಜಾಗವೇ ಇಲ್ಲ.

ಆ ಜಾಗವನ್ನು ಅಳೆದವರು ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ. 1970ರ ದಶಕದಲ್ಲಿ ಅವರು ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಲೆಕ್ಕ ಹಾಕಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಪ್ರಶ್ನೆಯನ್ನು ತಿರುಗಿಸಿ ಕೇಳುವುದು, ಬೇರೆಯವರನ್ನು ಎಬ್ಬಿಸುವುದು, ಇಲ್ಲವೇ ತಾವೇ ಹೇಳಿಬಿಡುವುದು. ಕಾಯುವ ಹೊತ್ತನ್ನು ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಮಾಡಿದಾಗ ಮಕ್ಕಳ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಎನ್ನುವವರು ಕಡಿಮೆಯಾದರು, ದಡ್ಡರೆಂದು ಶಿಕ್ಷಕರು ಬದಿಗಿಟ್ಟಿದ್ದ ಮಕ್ಕಳೂ ಬಾಯಿ ತೆರೆದರು. ರೋ ಇನ್ನೊಂದು ಬಿಡುವನ್ನೂ ಗುರುತಿಸಿದ್ದರು. ಮಗು ಉತ್ತರ ಕೊಟ್ಟ ಮೇಲೆ ಟೀಚರ್ ತಕ್ಷಣ "ಸರಿ", "ಗುಡ್" ಎನ್ನದೆ ಮತ್ತೆ ಸ್ವಲ್ಪ ಸುಮ್ಮನಿರುವುದು. ಆ ಬಿಡುವಿನಲ್ಲಿ ಮಗು ತನ್ನ ಮಾತನ್ನು ತಾನೇ ಮುಂದುವರಿಸುತ್ತದೆ, ಕೆಲವೊಮ್ಮೆ ತಿದ್ದಿಕೊಳ್ಳುತ್ತದೆ.

ನಮ್ಮ ಊರಿನ ಮಕ್ಕಳಿಗೆ ಈ ಮೂರು ಸೆಕೆಂಡು ಇನ್ನೂ ಹೆಚ್ಚು ಬೇಕು. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಅಲ್ಲಿ ಕೂತ ಮಗುವಿನ ಅಪ್ಪ ಅಮ್ಮ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿರಬಹುದು. ಮನೆಯಲ್ಲಿ ಲಂಬಾಣಿಯೋ ಆ ಕಡೆಯ ಕನ್ನಡವೋ, ಗಲ್ಲಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಪಠ್ಯಪುಸ್ತಕದಲ್ಲಿ ಮನೆಯಲ್ಲಿ ಯಾರೂ ಆಡದ ಗ್ರಂಥಸ್ಥ ಕನ್ನಡ. ಕರಾವಳಿಯ ಮನೆತನದ ಮಗುವಾದರೆ ತುಳು ಅಥವಾ ಕೊಂಕಣಿ ಸೇರಿಕೊಳ್ಳುತ್ತದೆ. ಟೀಚರ್ ಕೇಳಿದ್ದನ್ನು ಗ್ರಹಿಸಿ, ಉತ್ತರ ಯೋಚಿಸಿ, ಅದನ್ನು ಶಾಲೆಯ ಭಾಷೆಗೆ ಹೊಂದಿಸಿ ಹೇಳುವಷ್ಟರಲ್ಲಿ ಒಂದು ಸೆಕೆಂಡು ಎಂದೋ ಕಳೆದಿರುತ್ತದೆ. ಆ ಮೌನವನ್ನು ನಾವು ದಡ್ಡತನ ಎಂದು ಓದಿಬಿಡುತ್ತೇವೆ. ಇದು ದೊಡ್ಡ ಅನ್ಯಾಯ, ಸಣ್ಣ ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಮೊದಲು ಬಾಯಿಗೆ ಬಂದ ಭಾಷೆಯಲ್ಲಿ ಹೇಳಲಿ. ಯೋಚನೆ ಹೊರಬಂದ ಮೇಲೆ ಅದನ್ನು ಇಡೀ ತರಗತಿ ಸೇರಿ ಪುಸ್ತಕದ ಕನ್ನಡದಲ್ಲಿ ಕಟ್ಟಬಹುದು.

ಐದನೆಯ ತರಗತಿಯೊಂದರಲ್ಲಿ ನೋಡಿದ ಪಾಠವನ್ನು ಕೊಂಚ ವಿವರವಾಗಿ ಹೇಳುತ್ತೇನೆ. ಟೀಚರ್ ಸ್ಟೀಲ್ ಲೋಟದಲ್ಲಿ ಐಸ್ ಹಾಕಿದ ನೀರನ್ನು ಮೇಜಿನ ಮೇಲಿಟ್ಟರು. ಮುಂಬಯಿಯ ಹವೆಗೆ ಪ್ರಯೋಗ ಬೇಗ ಕೈಗೂಡುತ್ತದೆ, ಸ್ವಲ್ಪ ಹೊತ್ತಿನಲ್ಲೇ ಲೋಟದ ಹೊರಮೈ ತೊಯ್ದುಹೋಯಿತು. "ಈ ನೀರು ಎಲ್ಲಿಂದ ಬಂತು?" ಎಂದು ಕೇಳಿ ಅವರು ಸುಮ್ಮನೆ ನಿಂತರು. ಒಬ್ಬ ಹುಡುಗ ಎದ್ದು, "ಗಿಲಾಸ್‌ದಾಗಿನ ನೀರ ಹೊರಗ ಬಂದೈತ್ರಿ" ಎಂದ. "ತಪ್ಪು, ಕೂತ್ಕೋ" ಎಂದಿದ್ದರೆ ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಅವರು ಕೇಳಿದ್ದು, "ಹಾಗಾದ್ರೆ ಲೋಟದಲ್ಲಿ ಕೋಕಂ ಶರಬತ್ತು ಇದ್ರೆ ಹೊರಗೆ ಬರೋ ನೀರು ಯಾವ ಬಣ್ಣ ಇರುತ್ತೆ?" ಹುಡುಗ "ಕೆಂಪು" ಎಂದ, ಆದರೆ ಹೇಳುವಾಗಲೇ ಅವನ ದನಿಯಲ್ಲಿ ಅನುಮಾನ ಸೇರಿತ್ತು. ಹಿಂದಿನಿಂದ ಒಬ್ಬಳು, "ಇಲ್ಲ ಟೀಚರ್, ನಮ್ಮನೇಲಿ ಶರಬತ್ತಿನ ಲೋಟದ ಹೊರಗೂ ಬಿಳೀ ನೀರೇ" ಎಂದಳು. "ಹಾಗಾದ್ರೆ ಒಳಗಿಂದ ಬಂದದ್ದಲ್ಲ. ಮತ್ತೆ ಲೋಟದ ಸುತ್ತ ಏನಿದೆ?" ಗಾಳಿ ಎನ್ನುವುದಕ್ಕೆ ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಾಳಿಯಲ್ಲಿರುವ ನೀರಾವಿ ತಣ್ಣಗಿನ ಲೋಹಕ್ಕೆ ತಾಗಿ ನೀರಾಗುತ್ತದೆ ಎಂಬ ಪುಸ್ತಕದ ಸಾಲು ಆಮೇಲೆ ಬಂತು, ಬರುವಷ್ಟರಲ್ಲಿ ಅದಕ್ಕೆ ತರಗತಿ ಕಾದು ಕೂತಿತ್ತು.

ಇಲ್ಲಿ ಗಮನಿಸಬೇಕಾದದ್ದು ಆ ಎರಡನೆಯ ಪ್ರಶ್ನೆ. ಹುಡುಗನ ತಪ್ಪು ಉತ್ತರವನ್ನು ನಿಜವೆಂದೇ ಇಟ್ಟುಕೊಂಡು, ಹಾಗಿದ್ದರೆ ಏನಾಗಬೇಕು ಎಂದು ಕೇಳಿದ ಪ್ರಶ್ನೆ ಅದು. ಅವನ ಊಹೆಯನ್ನು ಪರೀಕ್ಷೆಗೆ ಹಚ್ಚಿದ್ದು ಟೀಚರ್, ಒರೆಗೆ ಹಚ್ಚಿ ಬಿಟ್ಟುಕೊಟ್ಟದ್ದು ಅವನೇ. ಕೋಕಂ ಶರಬತ್ತು ಆ ಕ್ಷಣದಲ್ಲಿ ಹೊಳೆದದ್ದಲ್ಲ ಎಂದು ಟೀಚರ್ ನನಗೆ ಆಮೇಲೆ ಹೇಳಿದರು. ಮಕ್ಕಳು ಹೀಗೆ ಹೇಳುತ್ತಾರೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು, ಪಾಠ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದರು.

ತಪ್ಪನ್ನು ಮುಂದಾಗಿಯೇ ಊಹಿಸಿ ಪ್ರಶ್ನೆ ಹೆಣೆಯುವುದು ಗಣಿತದಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ದಶಮಾಂಶ ಕಲಿಸಿದ ಮೇಲೆ "0.5 ದೊಡ್ಡದೋ 0.7 ದೊಡ್ಡದೋ?" ಎಂದು ಕೇಳಿದರೆ ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ, ಏನೂ ಅರ್ಥವಾಗದವರೂ ಹೇಳುತ್ತಾರೆ. "0.7 ದೊಡ್ಡದೋ 0.35 ದೊಡ್ಡದೋ?" ಎಂದು ಕೇಳಿ ನೋಡಿ. 35 ಎಂಬುದು 7ಕ್ಕಿಂತ ದೊಡ್ಡದಲ್ಲವೇ ಎಂದು ಯೋಚಿಸುವವರು ತಕ್ಷಣ ಗೊತ್ತಾಗುತ್ತಾರೆ. ಪಾಟಿಯಲ್ಲಿ ಬರೆದು ಎಲ್ಲರೂ ಒಟ್ಟಿಗೆ ಎತ್ತಿ ತೋರಿಸಲಿ, ಒಬ್ಬರನ್ನೊಬ್ಬರು ನೋಡಿ ಬರೆಯಲು ಅವಕಾಶ ಇರಬಾರದು. ಅರ್ಧ ತರಗತಿ 0.35 ಎಂದು ಬರೆದಿದ್ದರೆ ಕೂಡುವ ಕಳೆಯುವ ಲೆಕ್ಕಕ್ಕೆ ಹೋಗುವ ಹಾಗಿಲ್ಲ. ಟೇಪ್ ತಂದು, 0.7 ಮೀಟರ್ ಎಂದರೆ 70 ಸೆಂಟಿಮೀಟರ್, 0.35 ಎಂದರೆ 35 ಎಂದು ಅಳೆಸಬೇಕು. ಅಪ್ಪನ ಜೊತೆ ಸೈಟಿಗೆ ಹೋಗಿ ಬಂದ ಹುಡುಗರು ಟೇಪ್ ಹಿಡಿಯುವುದರಲ್ಲಿ ನಮ್ಮನ್ನು ಮೀರಿಸುತ್ತಾರೆ.

ನೆನಪಿನ ಪ್ರಶ್ನೆಗಳನ್ನು ತುಚ್ಛವಾಗಿ ಕಾಣುವುದು ಈಚೆಗೆ ತರಬೇತಿಗಳಲ್ಲಿ ರೂಢಿಯಾಗಿದೆ, ನಾನು ಒಪ್ಪುವುದಿಲ್ಲ. ದೇಶದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಓಡಿತು ಎಂಬುದು ತಲೆಯಲ್ಲಿಲ್ಲದಿದ್ದರೆ, ಬಂದರಿನ ಪಕ್ಕದಿಂದಲೇ ಹಳಿ ಶುರುವಾದದ್ದು ಏಕೆ, ಒಳನಾಡಿನ ಹತ್ತಿ ಎಲ್ಲಿಗೆ ಹೋಗಬೇಕಿತ್ತು ಎಂದು ಕೇಳುವುದಕ್ಕೆ ಆಧಾರವೇ ಇರುವುದಿಲ್ಲ. ಇಸವಿಯ ಪ್ರಶ್ನೆಗೆ ಒಂದು ಸೆಕೆಂಡು ಸಾಕು. ಏಕೆ ಎಂಬ ಪ್ರಶ್ನೆಗೆ ಐದೋ ಹತ್ತೋ ಸೆಕೆಂಡು ಬೇಕು, ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಲು ಬಿಟ್ಟರೆ ಇನ್ನೂ ಒಳ್ಳೆಯದು. ಎಲ್ಲ ಪ್ರಶ್ನೆಗೂ ಒಂದೇ ವೇಗ ಹಿಡಿಯುವುದು ಬೇಡ.

ಹೆಸರು ಹೇಳುವ ಕ್ರಮವೂ ಮುಖ್ಯ. "ಸುನೀತಾ, ಹೇಳು, ಎಲೆ ಹಸಿರು ಯಾಕೆ?" ಎಂದರೆ ಸುನೀತಾಳನ್ನು ಬಿಟ್ಟು ಉಳಿದವರೆಲ್ಲ ನಿರಾಳ. ಮೊದಲು ಪ್ರಶ್ನೆ, ಆಮೇಲೆ ಬಿಡುವು, ಕೊನೆಯಲ್ಲಿ ಹೆಸರು ಬಂದರೆ ಹೆಸರು ಬರುವ ತನಕ ಪ್ರಶ್ನೆ ಎಲ್ಲರದೂ ಆಗಿರುತ್ತದೆ. ಆದರೆ ಗಮನವಿಲ್ಲದವನನ್ನು ಹಿಡಿಯಲೆಂದೇ ಎಬ್ಬಿಸಿ ಕೇಳುವುದನ್ನು ದಯವಿಟ್ಟು ನಿಲ್ಲಿಸಬೇಕು. ಪ್ರಶ್ನೆ ಬೆತ್ತವಾದ ತರಗತಿಯಲ್ಲಿ ಯಾವ ಮಗುವೂ ತಾನಾಗಿ ಪ್ರಶ್ನೆ ಕೇಳುವುದಿಲ್ಲ.

ಮಗುವಿನ ಉತ್ತರವನ್ನು ಟೀಚರ್ ಜೋರಾಗಿ ಮತ್ತೆ ಹೇಳುವ ರೂಢಿಯನ್ನೂ ಬಿಡಬಹುದು. ಟೀಚರ್ ಹೇಗೂ ಹೇಳುತ್ತಾರಲ್ಲ ಎಂದು ಮಕ್ಕಳು ಒಬ್ಬರ ಮಾತನ್ನೊಬ್ಬರು ಕೇಳುವುದನ್ನೇ ಬಿಡುತ್ತಾರೆ. "ಅವಳು ಹೇಳಿದ್ದು ನಿಂಗೆ ಸರಿ ಅನ್ಸುತ್ತಾ? ಯಾಕೆ?" ಎಂದು ಇನ್ನೊಬ್ಬರತ್ತ ತಿರುಗಿಸಿದರೆ ಸಾಕು.

ಪೋರ್ಷನ್ ಮುಗಿಯುವುದು ಹೇಗೆ ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಮಾತು. ಹಲವು ಕನ್ನಡ ಶಾಲೆಗಳಲ್ಲಿ ಎರಡು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುತ್ತಾರೆ, ಮೇಲೆ ಕಚೇರಿಯ ಕಾಗದಪತ್ರ ಬೇರೆ. ಒಂದು ಪಿರಿಯಡ್ಡಿಗೆ ಇಂಥ ಎರಡೇ ಪ್ರಶ್ನೆ ಸಿದ್ಧಮಾಡಿಕೊಳ್ಳಿ ಎಂದು ನಾನು ಹೇಳುತ್ತೇನೆ. ಅವುಗಳ ಕೆಳಗೆ ಮಕ್ಕಳು ಹೇಳಬಹುದಾದ ತಪ್ಪು ಉತ್ತರವನ್ನೂ, ಅದಕ್ಕೆ ನೀವು ಕೇಳುವ ಮುಂದಿನ ಪ್ರಶ್ನೆಯನ್ನೂ ಬರೆದಿಡಿ. ಉಳಿದ ಪಾಠ ಎಂದಿನಂತೆ ನಡೆಯಲಿ.

ಕಾದರೂ ಬಾಯಿ ತೆರೆಯದ ಮಗು ಒಂದಾದರೂ ಇರುತ್ತದೆ. ಅದನ್ನು ನಿಲ್ಲಿಸಿಕೊಂಡು ಹಿಂಸಿಸುವುದೂ ಬೇಡ, ಕೂರಿಸಿ ಮರೆತುಬಿಡುವುದೂ ಬೇಡ. "ಯೋಚನೆ ಮಾಡ್ತಿರು, ಮತ್ತೆ ಬರ್ತೀನಿ" ಎಂದು ಹೇಳಿ ಬೇರೆ ಇಬ್ಬರ ಉತ್ತರ ಕೇಳಬೇಕು. ಆಮೇಲೆ ಮರೆಯದೆ ಹಿಂತಿರುಗಿ, "ಇಬ್ಬರಲ್ಲಿ ಯಾರು ಹೇಳಿದ್ದು ನಿಂಗೆ ಸರಿ ಅನ್ನಿಸ್ತು?" ಎಂದು ಕೇಳಬೇಕು. ಒಂದು ಹೆಸರು ಹೇಳುವುದು ಯಾರಿಗೂ ಕಷ್ಟವಲ್ಲ. ಹೆಸರು ಹೇಳಿದ ಮೇಲೆ ಕೇಳಬೇಕಾದದ್ದು "ಯಾಕೆ?" ಎಂಬ ಒಂದೇ ಮಾತು, ಅದಕ್ಕೂ ಅದೇ ಮೂರು ಸೆಕೆಂಡು ಕೊಡಬೇಕು.